ಅವನು ಏನಂದ?

2014ರ ಅಕ್ಟೋಬರ್. ನಾನು ಕೀಲ್ಪಾಕಿಗೆ ಬಂದು ನಾಲ್ಕು ತಿಂಗಳಾಗಿತ್ತು. ಭಾಷಾವಿಜ್ಞಾನದ ಎಂ.ಎ. ಮುಗಿದಿತ್ತು, ಕೆಲಸ ಎಂದರೆ ಪುಟಕ್ಕಿಷ್ಟು ಎಂದು ಸಿಗುತ್ತಿದ್ದ ಅನುವಾದ. ಮನೆ ಮಾಲೀಕರ ಮಗ, ಹತ್ತನೇ ಕ್ಲಾಸಿನ ಹುಡುಗ, ಒಂದು ಸಂಜೆ ನನ್ನನ್ನು ನೆಹರೂ ಸ್ಟೇಡಿಯಮ್ಮಿಗೆ ಎಳೆದುಕೊಂಡು ಹೋದ. ಇಂಡಿಯನ್ ಸೂಪರ್ ಲೀಗಿನ ಮೊದಲ ವರ್ಷ. ನಮ್ಮೂರಿನ ತಂಡ ಚೆನ್ನೈಯಿನ್ ಎಫ್‌ಸಿ. (ತಮಿಳಿನಲ್ಲಿ ‘ಚೆನ್ನೈಯಿನ್’ ಎಂದರೆ ‘ಚೆನ್ನೈನ’ ಎಂದಾಗುತ್ತದೆ. ಬರೀ ಷಷ್ಠಿ ವಿಭಕ್ತಿಯಲ್ಲಿ ನಿಂತ ಹೆಸರು ಎಂದು ಹುಡುಗನಿಗೆ ವಿವರಿಸಹೋದೆ, ಅವನು ಕೇಳಿಸಿಕೊಳ್ಳಲಿಲ್ಲ.)

ಆ ತಂಡಕ್ಕೆ ಮಾರ್ಕೊ ಮಾತೆರಾಟ್ಸಿ ಮ್ಯಾನೇಜರೂ ಹೌದು, ಆಟಗಾರನೂ ಹೌದು. ದೂರದ ಗ್ಯಾಲರಿಯಿಂದ ಎತ್ತರದ ಆಕೃತಿಯೊಂದು ಗೆರೆಯಂಚಿನಲ್ಲಿ ಕೈಬೀಸಿ ಕೂಗುವುದಷ್ಟೇ ಕಾಣುತ್ತಿತ್ತು. ಹುಡುಗನಿಗೆ ಒಂದೇ ಕುತೂಹಲ: “ಅಣ್ಣಾ, ಜಿದಾನ್‌ಕಿಟ್ಟೆ ಅವನ್ ಎನ್ನ ಸೊನ್ನಾನ್?” ಜಿದಾನ್‌ಗೆ ಅವನು ಏನಂದ?

2006ರ ಜುಲೈ 9ರಂದು ಬರ್ಲಿನ್ನಿನಲ್ಲಿ ನಡೆದ ವಿಶ್ವಕಪ್ ಫೈನಲ್ ಒಂದು ಲೆಕ್ಕದಲ್ಲಿ ಮಾತೆರಾಟ್ಸಿಯದೇ ಪಂದ್ಯ. ಅವನ ತಪ್ಪಿನಿಂದ ಫ್ರಾನ್ಸಿಗೆ ಪೆನಾಲ್ಟಿ ಸಿಕ್ಕಿತು, ಜಿದಾನ್ ಗೋಲು ಹೊಡೆದ. 19ನೇ ನಿಮಿಷದಲ್ಲಿ ತಲೆಯಿಂದ ಚೆಂಡು ಹೊಡೆದು ಸಮ ಮಾಡಿದವನೂ ಮಾತೆರಾಟ್ಸಿಯೇ. ಕೊನೆಯ ಪೆನಾಲ್ಟಿಗಳಲ್ಲಿ ಒಂದನ್ನು ಅವನೂ ಹೊಡೆದ, ಇಟಲಿ ಗೆದ್ದಿತು. ಆದರೆ ಜಗತ್ತು ಇಟ್ಟುಕೊಂಡದ್ದು 110ನೇ ನಿಮಿಷವನ್ನು ಮಾತ್ರ: ಅವನು ಏನೋ ಅಂದ, ಜಿದಾನ್ ತಿರುಗಿ ಬಂದು ಎದೆಗೆ ತಲೆಯಿಂದ ಗುದ್ದಿದ.

ದನಿ ಯಾರಿಗೂ ಕೇಳಿಸಿರಲಿಲ್ಲ. ಬ್ರಿಟನ್ನಿನ ಪತ್ರಿಕೆಗಳು ತುಟಿ ನೋಡಿ ಮಾತು ಓದುವವರನ್ನು ಕೂರಿಸಿದವು. ಭಯೋತ್ಪಾದಕ ಎಂಬರ್ಥದ ಜನಾಂಗೀಯ ಬೈಗುಳ ಆ ತುಟಿಗಳ ಮೇಲೆ ಅವರಿಗೆ ಕಂಡಿತು. ಅಲ್ಜೀರಿಯಾ ಮೂಲದ ಮುಸ್ಲಿಂ ಆಟಗಾರನಿಗೆ ಇಟಲಿಯವನೊಬ್ಬ ಇನ್ನೇನು ತಾನೇ ಅಂದಾನು ಎಂದು ಮೊದಲೇ ಅಂದುಕೊಂಡಿದ್ದರೆ ತುಟಿ ಅದನ್ನೇ ಹೇಳುತ್ತದೆ. 2008ರಲ್ಲಿ ಡೇಲಿ ಮೇಲ್ ಕ್ಷಮೆ ಕೇಳಿ ಪರಿಹಾರ ಕೊಟ್ಟಿತು. ಮಾತೆರಾಟ್ಸಿ ಅಂದದ್ದು ಅಂಗಿ ಎಳೆದ ಜಗಳದಲ್ಲಿ ಜಿದಾನನ ಅಕ್ಕನ ಮೇಲೆ ಒಂದು ಹೊಲಸು ಮಾತು. ಸಭ್ಯವೇನಲ್ಲ, ಅದಕ್ಕೆ ಫಿಫಾ ಅವನನ್ನೂ ಎರಡು ಪಂದ್ಯ ಹೊರಗಿಟ್ಟಿತು. ಆದರೆ ಅಂದದ್ದೇ ಬೇರೆ, ಅಚ್ಚಾದದ್ದೇ ಬೇರೆ.

ಇದನ್ನೆಲ್ಲ ನಾನು ಹುಡುಕಿ ಓದಿದ್ದು ಆ ಪಂದ್ಯದ ಮರುವಾರ. ಓದುವಾಗ ಹೊಟ್ಟೆಯೊಳಗೆ ಏನೋ ತಿರುವಿದಂತಾಯಿತು. ಕಾರಣ ನನ್ನ ಮೇಜಿನ ಮೇಲಿತ್ತು.

ಒಬ್ಬ ವಕೀಲರು ನಲವತ್ತು ನಿಮಿಷದ ಧ್ವನಿಮುದ್ರಿಕೆಯೊಂದನ್ನು ಇಂಗ್ಲಿಷಿನಲ್ಲಿ ಬರೆದುಕೊಡಲು ಕೊಟ್ಟಿದ್ದರು. ಹೊಸೂರು ಕಡೆಯ ಕನ್ನಡ ಮನೆ. ಜಮೀನಿನ ವಿಷಯಕ್ಕೆ ಹಿರಿಮಗ ತಂದೆಯೊಡನೆ ಆಡಿದ ಜಗಳ. ತಂದೆ ಆಮೇಲೆ ತೀರಿಕೊಂಡಿದ್ದರು. ಚೆನ್ನೈಯಲ್ಲಿದ್ದ ಕಿರಿಮಗನ ಕೈಗೆ ಅದು ಹೇಗೋ ಬಂದಿತ್ತು. ಒಂದು ಕಡೆ, ಹೊರಗೆ ಮೋಪೆಡ್ ಹೋಗುವಾಗ, ನನಗೆ “ಸಾಕು, ನಿನ್ನ ಮುಗಿಸ್ತೀನಿ” ಎಂದು ಕೇಳಿಸಿತು. ಬರೆದೆ, ಕಳಿಸಿದೆ, ದುಡ್ಡೂ ಬಂತು.

ಮಾತೆರಾಟ್ಸಿಯ ಕಥೆ ಓದಿದ ರಾತ್ರಿ ಇಯರ್‌ಫೋನ್ ಹಾಕಿಕೊಂಡು ಮತ್ತೆ ಕೇಳಿದೆ. “ಸಾಕಿನ್ನ, ಮುಗಿಸ್ತೀನಿ.” ಸುಸ್ತಾದ ಮನುಷ್ಯನೊಬ್ಬ ಮಾತು ನಿಲ್ಲಿಸುವ ದನಿ. ಒಂದು ‘ನ’ಕಾರ ನಾನು ಸೇರಿಸಿದ್ದು. ಎಂ.ಎ. ಓದಿದವನಿಗೆ ಹೊಳೆಯಬೇಕಿದ್ದ ಇನ್ನೊಂದು ಗುರುತೂ ಇತ್ತು: ನಲವತ್ತು ನಿಮಿಷದಲ್ಲಿ ಆತ ಅಪ್ಪನಿಗೆ ಒಮ್ಮೆಯೂ ಏಕವಚನ ಬಳಸಿರಲಿಲ್ಲ. ಕೋಪದಲ್ಲಿ ಬಹುವಚನ ಜಾರುತ್ತದೆ ಎಂದು ನನಗೆ ನಾನೇ ಪಾಠ ಹೇಳಿಕೊಂಡು ಮುಂದೆ ಹೋಗಿದ್ದೆ.

ತಿದ್ದಿ ಕಳಿಸಿದೆ. ವಕೀಲರು ಬೇಸರಿಸದೆ ಒಪ್ಪಿಕೊಂಡರು. ಆದರೆ ಕಿರಿಯವರು ಹುಡುಕಿಕೊಂಡು ನನ್ನ ಮನೆಗೇ ಬಂದರು. ಅವರೂ ಕನ್ನಡದವರೇ. ಇಬ್ಬರೂ ಕೂತು ಆ ತುಣುಕನ್ನು ಏಳೆಂಟು ಸಲ ಕೇಳಿದೆವು. “ನೀವು ಬರೆಯೋಕೆ ಮುಂಚೆ ನನಗೆ ಅಲ್ಲಿ ಏನೂ ಕೇಳಿಸ್ತಿರಲಿಲ್ಲ ಸಾರ್. ಈಗ ‘ನಿನ್ನ’ ಅಂತಲೇ ಕೇಳ್ಸತ್ತೆ. ನಮ್ಮಣ್ಣ ಅಪ್ಪಂಗೆ ಹಂಗಂದ ಅಂತ್ಲೇ” ಎಂದರು. ಕಾಫಿ ಕುಡಿಯದೆ ಎದ್ದುಹೋದರು.

ಮುಂದಿನ ವರ್ಷವೂ ಮಾತೆರಾಟ್ಸಿ ಇದ್ದ, ಈಗ ಬರೀ ಮ್ಯಾನೇಜರಾಗಿ. ಒಳ್ಳೆಯ ಡಿಫೆಂಡರ್‌ಗೆ ಕಾಲು ಸಾಕು. ಮ್ಯಾನೇಜರ್‌ಗೆ ಬಾಯಿ ಬೇಕು. ತಂಡದಲ್ಲಿ ಬ್ರೆಜಿಲ್‌ನ ಎಲಾನೊ, ಕೊಲಂಬಿಯಾದ ಮೆಂಡೋಜಾ, ಮಿಜೋರಾಂನ ಜೆಜೆ, ವ್ಯಾಸರ್‌ಪಾಡಿಯ ಧನಪಾಲ್ ಗಣೇಶ್. ಒಂದು ಮಾತಿನಿಂದ ಕುಖ್ಯಾತನಾದವನಿಗೆ ಈಗ ಮಾತೇ ಕಸುಬು. ತಂಡ ಪಟ್ಟಿಯ ತಳಕ್ಕೆ ಹೋಗಿ, ಕೊನೆಯ ನಾಲ್ಕೂ ಪಂದ್ಯ ಗೆದ್ದು ಸೆಮಿಫೈನಲ್ ಸೇರಿತು. ಅಷ್ಟರಲ್ಲಿ ಡಿಸೆಂಬರಿನ ಮಳೆ ಚೆನ್ನೈಯನ್ನು ಮುಳುಗಿಸಿತು. ನಮ್ಮ ಬೀದಿಯಲ್ಲೂ ದಿನಗಟ್ಟಲೆ ಕರೆಂಟಿರಲಿಲ್ಲ. ತವರಿನ ಸೆಮಿಫೈನಲ್ ಪುಣೆಗೆ ಹೋಯಿತು.

ಡಿಸೆಂಬರ್ 20ರ ಗೋವಾ ಫೈನಲ್ಲನ್ನು ಮಾಲೀಕರ ಮನೆಯ ಟಿವಿಯಲ್ಲಿ ನೋಡಿದೆವು. 87ನೇ ನಿಮಿಷಕ್ಕೆ ಗೋವಾ 2–1 ಮುಂದಿತ್ತು. 90ರಲ್ಲಿ ಗೋವಾದ ಗೋಲಿ ಲಕ್ಷ್ಮೀಕಾಂತ್ ಕಟ್ಟಿಮನಿ ತನ್ನ ಬಲೆಗೇ ಚೆಂಡು ಹಾಕಿಕೊಂಡ. ಆ ಹೆಸರು ಕೇಳಿ ನನ್ನ ಕರುಳು ಒಂದು ಕ್ಷಣ ಆ ಕಡೆಗೆ ವಾಲಿತು, ಒಪ್ಪಿಕೊಳ್ಳುತ್ತೇನೆ. ಎರಡು ನಿಮಿಷದೊಳಗೆ ಮೆಂಡೋಜಾ ಹೊಡೆದು 3–2. ಇಡೀ ಬೀದಿ ಕೂಗಿತು. 2016ರಲ್ಲಿ ತಂಡ ಏಳನೇ ಸ್ಥಾನಕ್ಕೆ ಕುಸಿಯಿತು, 2017ರಲ್ಲಿ ಮಾತೆರಾಟ್ಸಿ ಹೊರಟ.

ಈಗ ನಾನು ಕೇಳಿಸದ ಕಡೆ ‘ಅಸ್ಪಷ್ಟ’ ಎಂದು ಬರೆದು ಸಮಯ ನಮೂದಿಸುತ್ತೇನೆ. ಕೆಲವು ಗಿರಾಕಿಗಳು ದುಡ್ಡು ಮುರಿದುಕೊಳ್ಳುತ್ತಾರೆ. ಆ ಅಣ್ಣತಮ್ಮಂದಿರ ಕೇಸು ಏನಾಯಿತೆಂದು ಕೇಳುವ ಧೈರ್ಯ ಮಾಡಿಲ್ಲ.

ಹುಡುಗನಿಗೆ ಜಿದಾನನ ಪ್ರಶ್ನೆಯ ಉತ್ತರವನ್ನು ಆ ಫೈನಲ್ ರಾತ್ರಿಯೇ ಹೇಳಿದೆ, ಸ್ವಲ್ಪ ಸೋಸಿ. ಅವನ ಮುಖ ಸಪ್ಪೆಯಾಯಿತು. “ಅವ್ವಳವುದಾನಾ ಅಣ್ಣಾ?” ಅಂದ. ಅಷ್ಟೇನಾ?