ಗಟ್ಟಿ ಸ್ಪ್ರಿಂಗು, ಮೆತ್ತನೆ ಸವಾರಿ

ಬೈಕು ಅಕ್ಕನ ಮಗನದು; ಟಾರು ರಸ್ತೆಗೂ ಕಾಡುದಾರಿಗೂ ಆಗುವಂಥದ್ದು. ವಾರವಿಡೀ ಬೆಂಗಳೂರಿನ ಹಂಪುಗಳು, ರಜೆ ಸಿಕ್ಕರೆ ಸಕಲೇಶಪುರದ ತೋಟದ ದಾರಿ, ಬಿಸಿಲೆ ಘಾಟಿ. ದೂರು ಇಷ್ಟೇ: ಸ್ವಲ್ಪ ದೊಡ್ಡ ಗುಂಡಿ ಬಂದರೆ ಹಿಂದಿನ ಶಾಕ್ ಪೂರ್ತಿ ಕೂತು ಸೊಂಟಕ್ಕೆ ಏಟು ಕೊಡುತ್ತದೆ. ಏಟು ತಪ್ಪಬೇಕಾದರೆ ಇನ್ನೂ ಮೆತ್ತಗಿನದು ಬೇಕು ಅನ್ನಿಸುತ್ತದಲ್ಲ? ಮೆಕ್ಯಾನಿಕ್ ಹೇಳಿದ್ದು, "ಸ್ಪ್ರಿಂಗ್ ಸಾಲ್ತಿಲ್ಲ ಸಾರ್, ಗಟ್ಟಿದು ಹಾಕ್ಬೇಕು."

*

ಸ್ಪ್ರಿಂಗ್ ಆರಿಸುವ ಮೊದಲು ಅಳತೆ. ಹಿಂದಿನ ಚಕ್ರ ನೆಲ ಬಿಟ್ಟು ತೂಗುವಂತೆ ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಎತ್ತಿದರು. ಆಕ್ಸಲ್‌ನಿಂದ ನೇರ ಮೇಲಕ್ಕೆ, ಸೀಟಿನ ಕೆಳಗೆ ಅಂಟಿಸಿದ ಟೇಪಿನ ಗುರುತಿನವರೆಗೆ ಅಳೆದರು. ಇಳಿಸಿ, ಗಾಡಿ ತನ್ನ ಭಾರದಲ್ಲೇ ನಿಂತಾಗ ಮತ್ತೊಮ್ಮೆ. ಹುಡುಗ ಹೆಲ್ಮೆಟ್, ಬೂಟು, ಬ್ಯಾಗು ಸಮೇತ ಕೂತಾಗ ಇನ್ನೊಮ್ಮೆ. ಮೊದಲ ಅಳತೆಗಿಂತ ಎಷ್ಟು ಇಳಿಯಿತೋ ಅದು ಸ್ಯಾಗ್. ಈ ಚಕ್ರಕ್ಕೆ ಮೇಲೆ ಕೆಳಗೆ ಓಡಾಡಲು ಇರುವ ಜಾಗ 180 ಮಿ.ಮೀ. ಸವಾರ ಕೂತಾಗ ಅದರಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು, ಅಂದರೆ 60ರಷ್ಟು ಇಳಿಯಬೇಕು ಅನ್ನುವುದು ರೂಢಿ. ಇಳಿದದ್ದು 80. ಬರೀ ಗಾಡಿಗೆ 30.

ಇಳಿಯಲೇಬೇಕು ಯಾಕೆ? ಕಲ್ಲು ಸಿಕ್ಕಾಗ ಚಕ್ರ ಮೇಲೇಳುವಂತೆ ಗುಂಡಿ ಸಿಕ್ಕಾಗ ಕೆಳಗೂ ಹೋಗಬೇಕು. ಕೆಳಗೆ ಹೋಗುವ ಆ ಪಾಲನ್ನು ಮೊದಲೇ ಎತ್ತಿಟ್ಟಿರಬೇಕು. ಇಲ್ಲದಿದ್ದರೆ ಗುಂಡಿಯ ಮೇಲೆ ಚಕ್ರ ಗಾಳಿಯಲ್ಲಿರುತ್ತದೆ.

*

ಸ್ಪ್ರಿಂಗಿನ ಮೇಲಿನ ರಿಂಗ್ ತಿರುಗಿಸಿ ಪ್ರೀಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಒತ್ತಿಟ್ಟಿರುವ ಪ್ರಮಾಣ, ಹೆಚ್ಚಿಸಿದರು. ಸವಾರ ಕೂತಾಗಿನ ಸ್ಯಾಗ್ 60ಕ್ಕೆ ಬಂತು. ಅಲ್ಲಿಗೆ ಕೆಲಸ ಮುಗಿದಂತೆ ಕಂಡಿತು. ಹುಡುಗ ಇಳಿದ ಮೇಲೆ ಬರೀ ಗಾಡಿಯನ್ನು ಅಳೆದರೆ 10. ನೋಡುವವರಿಗೆ ಗಾಡಿ ಎತ್ತರಕ್ಕೆ, ಬಿಗಿಯಾಗಿ ನಿಂತಿದೆ, ಸ್ಪ್ರಿಂಗ್ ಗಟ್ಟಿ ಇದೆ ಅನ್ನಿಸಬೇಕು. ಮೆಕ್ಯಾನಿಕ್‌ಗೆ ಅದೇ ಸ್ಪ್ರಿಂಗ್ ಮೆತ್ತಗಿದೆ ಅನ್ನುವುದಕ್ಕೆ ಸಾಕ್ಷಿ!

ಇದು ತಲೆಯಲ್ಲಿ ಬಹಳ ಹೊತ್ತು ಕೊರೆಯಿತು. ಪ್ರೀಲೋಡ್‌ನಿಂದ ಸ್ಪ್ರಿಂಗಿನ ಗುಣ ಬದಲಾಗುವುದಿಲ್ಲ. ಒಂದು ಮಿಲಿಮೀಟರ್ ಒತ್ತಲು ಬೇಕಾದ ಬಲ ಮೊದಲಿನಷ್ಟೇ. ಗಾಡಿ ನಿಲ್ಲುವ ಎತ್ತರ ಮಾತ್ರ ಬೇರೆ. ಮೊದಲು 30, 80. ಆಮೇಲೆ 10, 60. ಎರಡು ಸಲವೂ ವ್ಯತ್ಯಾಸ 50. ಹುಡುಗನ ಭಾರ ಈ ಸ್ಪ್ರಿಂಗನ್ನು ಇಳಿಸುವುದೇ ಅಷ್ಟು. ರಿಂಗ್ ಎಷ್ಟು ತಿರುಗಿಸಿದರೂ ಅದು ಕಡಿಮೆಯಾಗದು. ಗಟ್ಟಿ ಸ್ಪ್ರಿಂಗ್ ಹಾಕಿದ ಮೇಲೆ ಸವಾರನೊಂದಿಗೆ 60, ಬರೀ ಗಾಡಿಗೆ 20. ವ್ಯತ್ಯಾಸ 40. ಶಾಲೆಯ ಕಳೆಯುವ ಲೆಕ್ಕ ಸ್ಪ್ರಿಂಗಿನ ಒಳಗುಟ್ಟನ್ನು ಹೇಳಿಬಿಡುತ್ತದೆ ಅನ್ನುವುದು ನನಗೆ ನಿಜಕ್ಕೂ ಸಂತೋಷ ಕೊಟ್ಟಿತು.

ಓಡಿಸಿ ಬಂದ ಹುಡುಗ ಹೇಳಿದ್ದು, "ಮಾವ, ಮೊದಲಿಗಿಂತ ಸ್ಮೂತ್ ಆಗಿದೆ." ಹಳೆಯ ಸ್ಪ್ರಿಂಗಿನಲ್ಲಿ ಗಾಡಿ ಅರ್ಧಕ್ಕೆ ಹತ್ತಿರ ಕೂತೇ ಹೊರಡುತ್ತಿತ್ತು, ಉಳಿದ ಜಾಗ ಬೇಗ ಮುಗಿದು ಕೊನೆಯ ರಬ್ಬರಿಗೆ ಬಡಿಯುತ್ತಿತ್ತು. ಆ ಬಡಿತ ಕೂತವರಿಗೆ ಗಟ್ಟಿ ಶಾಕ್‌ನಂತೆಯೇ ತಿಳಿಯುತ್ತದೆ.

*

ಹಿಂಚಕ್ರಕ್ಕೆ ಎರಡರ ಬದಲು ಒಂದೇ ಶಾಕ್ ಇಡುವುದು ಈಗ ಮಾಮೂಲು. ಬೆಲ್ಜಿಯಂನ ಎಂಜಿನಿಯರ್ ಲೂಸಿಯನ್ ಟಿಲ್ಕೆನ್ಸ್ ರೂಪಿಸಿದ ಏರ್ಪಾಟನ್ನು ಯಮಹಾ ಕೊಂಡಿತು. 1973ರಲ್ಲಿ ಹೋಕನ್ ಆಂಡರ್ಸನ್ ಅಂಥ ಗಾಡಿಯಲ್ಲಿ 250 ಸಿಸಿ ಮೋಟೋಕ್ರಾಸ್ ವಿಶ್ವ ಚಾಂಪಿಯನ್ ಆದರು. ಆ ದಶಕದ ಮೊದಲಿಗೆ 100 ಮಿ.ಮೀ. ಆಸುಪಾಸಿನಲ್ಲಿದ್ದ ಮೋಟೋಕ್ರಾಸ್ ಗಾಡಿಗಳ ಹಿಂಚಕ್ರದ ಓಡಾಟ ದಶಕ ಮುಗಿಯುವ ಹೊತ್ತಿಗೆ 300 ಮುಟ್ಟಿತ್ತು.

*

ಮುಂದಿನ ಫೋರ್ಕ್ ಇನ್ನೊಂದು ಒಗಟು. ಘಾಟಿ ಇಳಿಯುವಾಗ ಬ್ರೇಕ್ ಹಿಡಿದರೆ ಮೂತಿ ಒಂದೇ ಸಲ ತಗ್ಗುತ್ತದೆ. ಚೂಪು ಕಲ್ಲಿಗೆ ಮಾತ್ರ ಕೈ ಝುಂ ಅನ್ನುತ್ತದೆ. ಒಂದೇ ಫೋರ್ಕ್ ಮೆತ್ತಗೂ ಇದೆ, ಗಟ್ಟಿಯೂ ಇದೆ. ಕಾರಣ ಒಳಗಿನ ಡ್ಯಾಂಪರ್ ರಾಡಿನ ತೂತುಗಳು. ತೂತಿನ ಅಳತೆ ಬದಲಾಗದು. ಅದರಲ್ಲಿ ಎಣ್ಣೆ ಎರಡು ಪಟ್ಟು ವೇಗದಲ್ಲಿ ನುಗ್ಗಬೇಕಾದರೆ ತಡೆ ಸುಮಾರು ನಾಲ್ಕು ಪಟ್ಟಾಗುತ್ತದೆ. ಆಸ್ಪತ್ರೆಯ ಸಿರಿಂಜಿನ ಹಾಗೆ: ಮೆಲ್ಲಗೆ ಒತ್ತಿದರೆ ಸರಾಗ, ಜೋರಾಗಿ ಒತ್ತಿದರೆ ಬೆರಳಿಗೇ ನೋವು. ಇದಕ್ಕೆ ಮದ್ದು, ರಾಡಿಗೆ ಇನ್ನಷ್ಟು ತೂತು ಕೊರೆದು ಅದರ ತಲೆಯ ಮೇಲೆ ಎಮ್ಯುಲೇಟರ್ ಎಂಬ ಪುಟ್ಟ ವಾಲ್ವ್ ಕೂರಿಸುವುದು. ಅದರ ಮುಚ್ಚಳವನ್ನು ಸಣ್ಣ ಸ್ಪ್ರಿಂಗ್ ಹಿಡಿದಿರುತ್ತದೆ. ಒತ್ತಡ ಮಿತಿ ಮೀರಿದರೆ ತೆರೆದು ಎಣ್ಣೆಗೆ ದಾರಿ ಬಿಡುತ್ತದೆ.

ಬಿಚ್ಚಿದ ಫೋರ್ಕಿನಿಂದ ಸುರಿದ ಎಣ್ಣೆ ಬೂದಿ ಬಣ್ಣ, ಮೀನಿನ ವಾಸನೆ. ಬೆಳಕಿಗೆ ಹಿಡಿದರೆ ಮಿನುಗುವ ಪುಡಿ, ಒಳಗೆ ಸವೆದ ಲೋಹ. ಹೊಸ ಎಣ್ಣೆ ಹಾಕಿ, ಸ್ಪ್ರಿಂಗ್ ಇಲ್ಲದೆ ಫೋರ್ಕನ್ನು ಪೂರ್ತಿ ಒತ್ತಿ, ಕೊಳವೆಯ ಬಾಯಿಂದ ಎಣ್ಣೆಯವರೆಗೆ ಸ್ಟೀಲ್ ಸ್ಕೇಲಿನಲ್ಲಿ ಅಳೆದರು. ಮೇಲೆ ಉಳಿದ ಗಾಳಿಯೂ ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಎಣ್ಣೆ ಮಟ್ಟ ಏರಿಸಿದರೆ ಗಾಳಿಗೆ ಜಾಗ ಕಡಿಮೆ, ಕೊನೆಕೊನೆಗೆ ಫೋರ್ಕ್ ಬಿಗಿ. ಇನ್ನು, ಡಬ್ಬಿಯ ಮೇಲೆ 10ಡಬ್ಲ್ಯೂ ಅಂತಿದ್ದ ಮಾತ್ರಕ್ಕೆ ಎಲ್ಲ ಕಂಪನಿಯ ಎಣ್ಣೆಯೂ ಒಂದೇ ಮಂದ ಇರುವುದಿಲ್ಲ. 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಷ್ಟು ಸೆಂಟಿಸ್ಟೋಕ್ಸ್ ಅಂತ ನೋಡಬೇಕು. ಹಾಗಿದ್ದ ಮೇಲೆ ಅದನ್ನೇ ದೊಡ್ಡದಾಗಿ ಅಚ್ಚು ಹಾಕಬೇಕಿತ್ತು.

*

ಹುಡುಗನ ಮುಂದಿನ ಆಸೆ ಉದ್ದನೆ ಟ್ರಾವೆಲ್, ಅಂದರೆ ಚಕ್ರದ ಓಡಾಟಕ್ಕೆ ಇನ್ನಷ್ಟು ಜಾಗ. ಉದಾಹರಣೆಗೆ, ಹೀರೋ ಎಕ್ಸ್‌ಪಲ್ಸ್ 200ಕ್ಕೆ ಬಂದ ರ‍್ಯಾಲಿ ಕಿಟ್‌ನಲ್ಲಿ ಮುಂದೆ 190 ಮಿ.ಮೀ. ಇದ್ದದ್ದು 250 ಆಗುತ್ತದೆ, ಹಿಂದೆ 170 ಇದ್ದದ್ದು 220. ಜೊತೆಗೇ ಉದ್ದನೆ ಸೈಡ್ ಸ್ಟ್ಯಾಂಡೂ ಕೊಡುತ್ತಾರೆ. ಎತ್ತರವಾದ ಗಾಡಿಗೆ ಹಳೆಯದು ಎಟುಕದು. ಅದೇ ಸಾಲಿನ 4ವಿ ಪ್ರೊ ಸೀಟಿನ ಎತ್ತರ 891 ಮಿ.ಮೀ. ಮಳೆಗಾಲದ ತೋಟದ ಕೆಸರಿನಲ್ಲಿ ಎರಡೂ ಕಾಲು ಊರಲು ಸಿಗದಿದ್ದರೆ ಆ ಉದ್ದ ಏನು ಪ್ರಯೋಜನ? ಈಗಿರುವ 180 ಸರಿಯಾಗಿ ಕೆಲಸ ಮಾಡುತ್ತಿರುವಾಗ ಸದ್ಯಕ್ಕೆ ಬೇಡ ಅಂತ ನಾನು.

*

ಅಳತೆಯೆಲ್ಲ ಒಬ್ಬನ ಭಾರಕ್ಕೆ. ಹಿಂದೆ ಹೆಂಡತಿ ಕೂತು, ಪಕ್ಕಕ್ಕೆ ಎರಡು ಬ್ಯಾಗು ನೇತುಹಾಕಿದರೆ? ಪ್ರೀಲೋಡ್ ಏರಿಸಿದರೆ ಎತ್ತರ ಬರುತ್ತದೆ, ಗಟ್ಟಿತನ ಬರುವುದಿಲ್ಲ. ಮೆಕ್ಯಾನಿಕ್ ಕೇಳಿದ್ದು, "ಜಾಸ್ತಿ ಒಬ್ರೇ ಹೋಗ್ತೀರೋ, ಇಬ್ರೂನೋ?" ಒಬ್ಬನೇ ಹೋಗುವುದು ಹೆಚ್ಚು. ಹಾಗಾಗಿ ಸ್ಪ್ರಿಂಗ್ ಅವನೊಬ್ಬನ ತೂಕಕ್ಕೇ ಇರಲಿ ಅಂದರು. ಇಬ್ಬರಿದ್ದಾಗ ರಿಂಗ್ ಎಷ್ಟು ಸುತ್ತು ಅನ್ನುವುದನ್ನು ಅಳೆಯಲು ಅವಳನ್ನೂ ಗ್ಯಾರೇಜಿಗೆ ಕರೆತರಬೇಕು.