ಎರೆಹೊಲದ ದಾರಿಯಲ್ಲಿ ಮೆಥೋಡಿಸ್ಟ್ ಸಭೆ

ನಿಜಾಮರ ಕಾಲ, 1920ರ ಆಸುಪಾಸು ಎಂದಿಟ್ಟುಕೊಳ್ಳಿ. ಬೀದರಿನ ಕೆಂಪು ಮುರದ ದಿನ್ನೆ ಇಳಿದು, ಜನವಾಡ ಹಿಂದೆ ಹಾಕಿ, ಕೌಠಾದ ಹತ್ತಿರ ಮಾಂಜ್ರಾ ದಾಟಿದ್ದೀರಿ. ಈಗ ಕಾಲಡಿಯಲ್ಲಿ ಎರೆಮಣ್ಣು, ಎರಡೂ ಕಡೆ ಜೋಳ, ತೊಗರಿ. ಸಂತಪುರದ ಕಡೆಗಿನ ಈ ಬಂಡಿದಾರಿಯಲ್ಲಿ ನಿಮ್ಮ ಮುಂದೆ ಒಬ್ಬ ಉಪದೇಶಿ ನಡೆಯುತ್ತಿದ್ದಾನೆ. ತಲೆಗೆ ರುಮಾಲು, ಬಗಲ ಚೀಲದಲ್ಲಿ ಕನ್ನಡ ಬೈಬಲ್ಲು, ಕೈಯಲ್ಲಿ ಇನ್ನೂ ಹೊತ್ತಿಸದ ಕಂದೀಲು. ಅವನಿಗೆ ಅವಸರವಿಲ್ಲ. ಕೂಲಿಗೆ ಹೋದವರು ಕೇರಿಗೆ ಮರಳುವುದೇ ಹೊತ್ತು ಮುಳುಗಿದ ಮೇಲೆ.

ನೀವು ತಲುಪುವಾಗ ಒಲೆಗಳು ಹೊತ್ತಿವೆ. ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿದೆ. “ಪಾದ್ರಿ ಬಂದಾರ, ಬರ್ರಿ!” ಎಂದು ಹುಡುಗನೊಬ್ಬ ಓಡುತ್ತಾನೆ. “ಕೂಡ್ರಿ ಯಪ್ಪಾ, ಕೈಕಾಲು ತೊಳಕೊಂಡು ಬರ್ತೀವಿ” ಅನ್ನುತ್ತಾಳೆ ಮುದುಕಿಯೊಬ್ಬಳು, ಕಂಬಳಿ ಹಾಸುತ್ತ. ಊರ ಬಾವಿಗೆ ಕೊಡ ಇಳಿಸುವ ಹಕ್ಕಿಲ್ಲದ ಜನ ಇವರು. ತಾಳ ಬರುತ್ತದೆ, ಡೋಲಕ್ ಬರುತ್ತದೆ. ಒಬ್ಬ ಎತ್ತಿಕೊಟ್ಟ ಸೊಲ್ಲನ್ನು ಎಲ್ಲರೂ ತಿರುಗಿಸಿ ಹಾಡುತ್ತಾರೆ. ಓದು ಬಾರದವರಿಗೆ ಪಾಠ ಬಾಯಿಂದ ಬಾಯಿಗೇ ದಾಟಬೇಕು.

ಊರೂರು ತಿರುಗುವ ಬೋಧಕನ ಈ ಪದ್ಧತಿ ಬೆಳೆದ ಜಾಗ ನೋಡಬೇಕಾದರೆ ಸಮುದ್ರದ ಆಚೆ ಹೋಗಬೇಕು. 1771ರಲ್ಲಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಬಂದ ಮೆಥೋಡಿಸ್ಟ್ ಬೋಧಕ ಫ್ರಾನ್ಸಿಸ್ ಆಸ್ಬರಿ 1816ರಲ್ಲಿ ಸಾಯುವ ತನಕ ಸ್ವಂತ ಮನೆ ಕಟ್ಟಲಿಲ್ಲ, ಊರಿಂದೂರಿಗೆ ತಿರುಗುತ್ತಲೇ ಇದ್ದ. ಕಾಡು ಕಡಿದು ಬೇಸಾಯ ಮಾಡುವವರ ನಡುವೆ ಗುಡಿಯೂ ಇರಲಿಲ್ಲ, ಗುರುವೂ ಇರಲಿಲ್ಲ. ಹಾಗಾಗಿ ಬೋಧಕನಿಗೆ ಒಂದು ಕುದುರೆ, ಹತ್ತಾರು ಊರುಗಳ ಒಂದು ಸರ್ಕಿಟ್. ಅವನು ಮುಂದಿನ ಊರಿಗೆ ಹೋದ ಮೇಲೆ ಸಭೆ ನಡೆಸುವವರು ಅಲ್ಲಿನ ರೈತ, ಕಮ್ಮಾರ, ಬಡಗಿ.

ಅದೇ ಮಣ್ಣಿನಲ್ಲಿ ಬೆಳೆದವನು ವರ್ಜೀನಿಯಾದ ವಿಲಿಯಂ ಟೇಲರ್. 1849ರ ಡಿಸೆಂಬರ್, ಸ್ಯಾನ್ ಫ್ರಾನ್ಸಿಸ್ಕೊ. ಚಿನ್ನದ ಹುಚ್ಚು ಹಿಡಿದ ಊರಿನ ಚೌಕದಲ್ಲಿ, ಜೂಜುಕಟ್ಟೆಯ ಎದುರು ಬಡಗಿಯ ಮೇಜು ಹತ್ತಿ ಅವನು ಹಾಡು ಶುರುಮಾಡುತ್ತಾನೆ. ಜನ ಸೇರುತ್ತಾರೆ. ಆ ಗಟ್ಟಿ ಕಂಠವೇ 1870ರಲ್ಲಿ ಭಾರತಕ್ಕೆ ಬಂತು. ಮುಂಬಯಿ, ಮದ್ರಾಸು, 1874ರಲ್ಲಿ ಬೆಂಗಳೂರು. ಸಭೆ ತನ್ನ ಪಾದ್ರಿಯನ್ನು ತಾನೇ ಸಾಕಬೇಕು, ಹೊರಗಿನ ಹಣಕ್ಕೆ ಕಾಯಬಾರದು ಎಂಬುದು ಟೇಲರನ ಹಟ. ಆಂಗ್ಲ ನೌಕರರ ಸಭೆಗಳಲ್ಲಿ ಅದು ನಡೆಯಿತು. ಸಭೆ ಮುಂದೆ ಬೀದರ ಸೀಮೆಗೆ ಬಂದಾಗ ಇಲ್ಲಿಯ ಕೂಲಿಯವರ ಮುಂದೆ ಆ ಮಾತು ಆಡುವುದು ಸುಲಭವಿರಲಿಲ್ಲ. ಹಾಗಾಗಿ ಶಾಲೆ, ಆಸ್ಪತ್ರೆಗೆ ಅಮೆರಿಕದ ದುಡ್ಡು ಬಂತು. ಬೀದರಿನ ನಾರ್ಮಾ ಫೆಂಡ್ರಿಚ್ ಶಾಲೆಯ ಹೆಸರಿನಲ್ಲಿ ಆ ನೆನಪು ಈಗಲೂ ಇದೆ.

ಆದರೆ ಕೇರಿಯ ಸಭೆಯನ್ನು ಉಳಿಸಿದ್ದು ದುಡ್ಡಲ್ಲ. ಕಂಬಳಿಯ ಮೇಲೆ ಕೂತಿರುವ ಇವರನ್ನೇ ನೋಡಿ. ಪ್ರಾರ್ಥನೆ ಮುಗಿದಾಗ ಮೊರದಲ್ಲಿ ಹಿಡಿ ಹಿಡಿ ಜೋಳ ಬೀಳುತ್ತದೆ. ಜ್ವರ ಬಂದ ಮನೆಯ ಸುದ್ದಿ, ಸಾಲದ ಸುದ್ದಿ, ಮಗಳ ಮದುವೆಯ ಸುದ್ದಿ ಎಲ್ಲ ಅಲ್ಲೇ ಮಾತಾಗುತ್ತದೆ. ಉಪದೇಶಿ ಬೆಳಗಾದರೆ ಮುಂದಿನ ಹಳ್ಳಿಗೆ ಹೊರಡುತ್ತಾನೆ. ಇನ್ನು ಹಾಡು ಎತ್ತಿಕೊಡುವವನು ಕೇರಿಯವನೇ. ನಾನು ಈ ಚರಿತ್ರೆಯಲ್ಲಿ ಅತಿ ಹೆಚ್ಚು ಗೌರವ ಕೊಡುವುದು ಅವನಿಗೆ. ಮಿಷನರಿಗಳ ಜೀವನಚರಿತ್ರೆಗಳು ಬಂದಿವೆ, ಅವನದು ಯಾರೂ ಬರೆಯಲಿಲ್ಲ.

ಸುಗ್ಗಿ ಮುಗಿಸಿ ಬಂಡಿ ಕಟ್ಟಿಕೊಂಡು ಜಾತ್ರೆಗೆ ಹೋಗುವ ಈ ನಾಡಿನ ರೂಢಿಯನ್ನೂ ಸಭೆ ಬಿಡಲಿಲ್ಲ. ವಿಕಾರಾಬಾದ್ ಬಳಿಯ ಧಾರೂರಿನಲ್ಲಿ 1923ರಿಂದ ಮೆಥೋಡಿಸ್ಟ್ ಜಾತ್ರೆ ನಡೆಯುತ್ತಿದೆ. ಅಮೆರಿಕದ ಕಾಡಂಚಿನಲ್ಲಿ ಡೇರೆ ಹಾಕಿ ದಿನಗಟ್ಟಲೆ ನಡೆಸುತ್ತಿದ್ದ ಕ್ಯಾಂಪ್ ಸಭೆಗಳ ದೂರದ ಬಂಧು ಅದು.

1948ರಲ್ಲಿ ನಿಜಾಮರ ಆಳ್ವಿಕೆ ಹೋಯಿತು. 1950ರ ರಾಷ್ಟ್ರಪತಿಗಳ ಆದೇಶ ಪರಿಶಿಷ್ಟ ಜಾತಿಯ ಸವಲತ್ತನ್ನು ಕ್ರೈಸ್ತರಾದವರಿಗೆ ಕೊಡಲಿಲ್ಲ. ಬಾವಿಯ ಅವಮಾನ ಉಂಡವರಿಗೆ ಕಾಗದದಲ್ಲಿ ಆ ಜಾತಿ ಇಲ್ಲವಾಯಿತು. ಇದು ಅನ್ಯಾಯವೆಂದೇ ನನ್ನ ಅನಿಸಿಕೆ. 1956ರಲ್ಲಿ ಬೀದರ ಮೈಸೂರು ರಾಜ್ಯ ಸೇರಿತು. 1981ರಲ್ಲಿ ಭಾರತದ ಮೆಥೋಡಿಸ್ಟ್ ಚರ್ಚು ಅಮೆರಿಕದ ಆಡಳಿತದಿಂದ ಬಿಡುಗಡೆಯಾಗಿ ಸ್ವತಂತ್ರವಾಯಿತು. ತನ್ನ ಸಭೆಯನ್ನು ತಾನೇ ನಡೆಸುವುದು ಕೇರಿಗೆ ಅಷ್ಟರಲ್ಲಿ ಹಳೆಯ ಕೆಲಸವಾಗಿತ್ತು.