ಕಿಲುಬು ಹಿಡಿದ ಪೆಟ್ಟಿಗೆ

ಕಳೆದ ಮಳೆಗಾಲದ ಒಂದು ರಾತ್ರಿ ಅಪ್ಪ ಮತ್ತು ನಾನು ನಾಗಮಂಗಲದಿಂದ ಊರಿಗೆ ಮರಳುತ್ತಿದ್ದೆವು. ಜಕ್ಕನಹಳ್ಳಿ ದಾಟುವಾಗಲೇ ಸೋನೆ ಹಿಡಿದಿತ್ತು. ಪಾಂಡವಪುರ ಬಿಟ್ಟು ನಮ್ಮೂರಿನ ಕಡೆಗೆ ಹೋಗುವ ನಾಲೆ ಏರಿಯ ರಸ್ತೆಗೆ ತಿರುಗಿ ಸ್ವಲ್ಪ ದೂರ ಬಂದಿದ್ದೆವು, ಕಾರಿನ ಎರಡೂ ಹೆಡ್‌ಲೈಟ್ ಒಟ್ಟಿಗೆ ಆರಿಹೋದವು. ವೈಪರ್ ಗಾಜಿನ ನಡುವೆಯೇ ನಿಂತಿತು. ಬಾಗಿಲ ಲಾಕುಗಳು ಟಕ್ ಟಕ್ ಎಂದು ತಾವಾಗಿಯೇ ಬೀಳುತ್ತ ಏಳುತ್ತ ಇದ್ದವು. ಇಂಜಿನ್ ಮಾತ್ರ ಏನೂ ಆಗದ ಹಾಗೆ ಓಡುತ್ತಿತ್ತು. ಬ್ರೇಕ್ ತುಳಿದು ನಿಲ್ಲಿಸಿದೆ. ಎಡಗಡೆ ಕತ್ತಲೊಳಗೆ ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಸದ್ದು ಕೇಳುತ್ತಿತ್ತು.

ನಮ್ಮ ಕಡೆಯವರಿಗೆ ಆ ಸದ್ದನ್ನು ಬಿಡಿಸಿ ಹೇಳಬೇಕಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ಇದೇ ನಾಲೆಗೆ ಬಿದ್ದು 30 ಜನ ಸತ್ತರು. ಅದು ಹಾಡಹಗಲು.

ಅಪ್ಪ ಮಾತಾಡಲಿಲ್ಲ. ಹಿಂದಿನ ಸೀಟಿನಲ್ಲಿದ್ದ ನನ್ನ ಟಾರ್ಚ್ ತೆಗೆದುಕೊಂಡು ಇಳಿದರು. “ನಾನು ಮುಂದೆ ನಡೀತೀನಿ, ನನ್ ಕಾಲು ನೋಡ್ಕಂಡು ಮೆಲ್ಲಗೆ ಬಾ ಮಗ” ಅಂದರು. ಒಂದೂವರೆ ಕಿಲೋಮೀಟರ್ ದೂರ ಅವರ ಒದ್ದೆ ಪಂಚೆಯ ಅಂಚನ್ನೇ ನೋಡಿಕೊಂಡು ಕಾರು ಓಡಿಸಿದೆ.

ಆ ಟಾರ್ಚ್ ಕಾರಿನಲ್ಲಿದ್ದದ್ದು ಶಾಸನ ಓದುವುದಕ್ಕೆ. ನನ್ನ ಸಂಶೋಧನೆ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಶಾಸನಗಳ ಮೇಲೆ. ‘ಎಪಿಗ್ರಾಫಿಯ ಕರ್ನಾಟಿಕ’ದ ಪರಿಷ್ಕೃತ ಆವೃತ್ತಿಯಲ್ಲಿ ಮೊದಲ ಮೂರು ತಾಲ್ಲೂಕು 6ನೇ ಸಂಪುಟದಲ್ಲಿವೆ, ನಾಗಮಂಗಲ 7ರಲ್ಲಿದೆ. ಅಪ್ಪನ ಹಳೆಯ ಕಾರು ಈ ಎರಡು ಸಂಪುಟಗಳ ನಡುವೆ ಎರಡು ವರ್ಷದಿಂದ ಓಡಾಡುತ್ತಿತ್ತು.

ಅದು ಮುನ್ಸೂಚನೆ ಕೊಟ್ಟಿರಲಿಲ್ಲ ಎನ್ನಲಾರೆ. ಕೆ.ಆರ್. ಪೇಟೆ ಹತ್ತಿರದ ಹೊಸಹೊಳಲಿನಲ್ಲಿ ಲಕ್ಷ್ಮೀನಾರಾಯಣ ದೇವಸ್ಥಾನ ನೋಡಿ ಬಂದು ಕಾರು ಹತ್ತಿದ ದಿನ, ರಣಬಿಸಿಲಿನಲ್ಲಿ ವೈಪರ್ ತಾನಾಗಿ ಗಾಜು ಒರೆಸತೊಡಗಿತ್ತು. ನಕ್ಕು ಸುಮ್ಮನಾಗಿದ್ದೆ. ಎರಡು ವಾರದ ಮೇಲೆ ಶ್ರೀರಂಗಪಟ್ಟಣದಲ್ಲಿ ಕಾರು ಸ್ಟಾರ್ಟ್ ಆಗಲಿಲ್ಲ. ಬ್ಯಾಟರಿ ಹಳೆಯದಾಗಿದೆ ಅಂದರು, ಹೊಸದು ಹಾಕಿಸಿದೆ. ಫೆಲೋಶಿಪ್ ಹಣ ಹೋಯಿತು, ರೋಗ ಉಳಿಯಿತು.

ನಾಲೆ ಏರಿಯ ರಾತ್ರಿ ಕಳೆದ ಮೇಲೆ ಪಾಂಡವಪುರದ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆವು. ಆತ ಸ್ಕ್ಯಾನರ್ ಸಿಕ್ಕಿಸಿದ. ಪರದೆ ತುಂಬ ‘ಯು’ ಅಕ್ಷರದಿಂದ ಶುರುವಾಗುವ ಕೋಡುಗಳು. ಬಾಡಿ ಕಂಟ್ರೋಲ್ ಮಾಡ್ಯೂಲ್ ಜೊತೆ ಸಂಪರ್ಕವಿಲ್ಲ ಎಂಬುದೇ ಎಲ್ಲದರ ಸಾರಾಂಶ.

ಬಿಸಿಎಂ ಎಂದು ಕರೆಯುವ ಆ ಪೆಟ್ಟಿಗೆ ಊಟದ ಡಬ್ಬಿಯಷ್ಟು ದೊಡ್ಡದು. ದೀಪ, ವೈಪರ್, ಹಾರನ್, ಬಾಗಿಲ ಲಾಕು, ಕಿಟಕಿ ಗಾಜು ಎಲ್ಲಕ್ಕೂ ಅದರದೇ ಅಪ್ಪಣೆ. ಹಿಂದೆ ಸ್ವಿಚ್ಚಿನಿಂದ ದೀಪಕ್ಕೆ ನೇರ ವೈರ್ ಹೋಗುತ್ತಿತ್ತು. ಈಗ ಸ್ವಿಚ್ ಬರೀ ಅರ್ಜಿ ಸಲ್ಲಿಸುತ್ತದೆ, ಕರೆಂಟು ಬಿಡುವುದು ಬಿಸಿಎಂ. ಇಂಜಿನ್, ಮೀಟರ್ ಬೋರ್ಡುಗಳ ಪೆಟ್ಟಿಗೆಗಳ ಜೊತೆ ಅದು ಮಾತಾಡುವುದು ಹುರಿಹೊಸೆದ ಎರಡು ವೈರುಗಳ ಮೇಲೆ. ಬಾಷ್ ಕಂಪನಿ 1986ರಲ್ಲಿ ಹೊರತಂದ ಈ ಏರ್ಪಾಟಿಗೆ ಕ್ಯಾನ್ ಎಂದು ಹೆಸರು.

“ಹಂಗಾದ್ರೆ ಹೊಸ ಬಿಸಿಎಂ ಹಾಕ್ಬಿಡಾಣ?” ಎಂದೆ.

“ತಡ್ಕಳಿ ಸಾ. ಅವ್ನು ಮಾತಾಡ್ತಾ ಇಲ್ಲ ಅಂತ ಮಿಕ್ಕೋವೆಲ್ಲ ದೂರು ಹೇಳ್ತಾ ಅವೆ, ಅಷ್ಟೇಯ. ಯಾಕ್ ಮಾತಾಡ್ತಾ ಇಲ್ಲ ಅಂತ ಈ ಸ್ಕ್ಯಾನರ್‌ಗೇನ್ ಗೊತ್ತು? ಮನೇಲಿ ಒಬ್ರು ಮಾತು ಬಿಟ್ರೆ ಕೋಪವೋ ಜ್ವರವೋ ಹೋಗಿ ನೋಡ್ಬೇಕಲ್ವಾ?”

ಆತ ನೋಡಿದ ಕ್ರಮ ನನಗೆ ಈಗಲೂ ನೆನಪಿದೆ. ಮೊದಲು ಫ್ಯೂಸುಗಳು. ಆಮೇಲೆ ಬಿಸಿಎಂಗೆ ಬರುವ ವೈರಿನಲ್ಲಿ ಕರೆಂಟು. ಮೀಟರ್ 12 ವೋಲ್ಟ್ ತೋರಿಸಿದರೂ ಒಪ್ಪದೆ ಇಂಡಿಕೇಟರಿನ 21 ವ್ಯಾಟ್ ಬಲ್ಬ್ ಸಿಕ್ಕಿಸಿ ಉರಿಸಿದ. ಒಂದೇ ಎಳೆಯಲ್ಲಿ ಉಳಿದಿರುವ ವೈರ್ ಕೂಡ ಮೀಟರಿಗೆ 12 ತೋರಿಸಬಲ್ಲದು, ಬಲ್ಬಿನ ಭಾರ ಹೊರಲಾರದು. ಬಲ್ಬ್ ಚೆನ್ನಾಗಿಯೇ ಉರಿಯಿತು. ಅರ್ತಿಂಗ್ ಕೂಡ ಸರಿಯಿತ್ತು. ಬ್ಯಾಟರಿ ಬಿಚ್ಚಿ ಕ್ಯಾನ್‌ನ ಎರಡು ವೈರುಗಳ ನಡುವೆ ಅಳೆದರೆ 60 ಓಮ್. ಎರಡು ತುದಿಗೆ 120 ಓಮಿನ ಒಂದೊಂದು ರೆಸಿಸ್ಟರ್ ಇರುವುದರಿಂದ ಅಷ್ಟೇ ಬರಬೇಕು. ಅಂದರೆ ಅನ್ನ ನೀರು ಸರಿಯಾಗಿ ಸಿಗುತ್ತಿದೆ, ದಾರಿಯೂ ತೆರೆದಿದೆ, ಆದರೂ ಮಾತಿಲ್ಲ.

ಆಮೇಲೇ ಆತ ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿ ಪೆಟ್ಟಿಗೆ ಬಿಚ್ಚಿದ್ದು. ಕಪ್ಲರ್ ಎಳೆದು ನನ್ನ ಮುಂದೆ ಹಿಡಿದ. ಪಿನ್ನುಗಳ ಮೇಲೆ ಹಸಿರು ಕಿಲುಬು. ಒಳಗಿನ ಬೋರ್ಡಿನಲ್ಲೂ ಒಂದು ಮೂಲೆಯ ತಾಮ್ರದ ಗೆರೆಗಳು ತಿಂದುಹೋಗಿದ್ದವು. “ಹುಣಿಸೆಹಣ್ಣು ಹಾಕಿ ಉಜ್ಜಿದ್ರೆ ಹೋಗಾಕಿಲ್ವಾ?” ಎಂದು ಅಪ್ಪ ಕೇಳಿದರು. ಪಿನ್ನನ್ನು ಸ್ವಚ್ಛ ಮಾಡಬಹುದಿತ್ತು, ತಿಂದುಹೋದ ಗೆರೆಯನ್ನು ಮರಳಿ ತರುವಂತಿರಲಿಲ್ಲ.

ಅಷ್ಟಕ್ಕೂ ಆತ ಬಿಡಲಿಲ್ಲ. ನೀರು ಎಲ್ಲಿಂದ ಬಂತು? ಬಾನೆಟ್ ಎತ್ತಿ ಮುಂಗಾಜಿನ ಬುಡದ ಜಾಲರಿ ತೆಗೆದ. ನೀರು ಹರಿದುಹೋಗುವ ತೂತುಗಳಲ್ಲಿ ಕೊಳೆತ ಹೊಂಗೆ ಎಲೆ ಒತ್ತಾಗಿ ತುಂಬಿತ್ತು. ನೆರಳಿರಲಿ ಎಂದು ಮನೆ ಮುಂದಿನ ಹೊಂಗೆ ಮರದಡಿ ಕಾರು ನಿಲ್ಲಿಸುತ್ತಿದ್ದವನು ನಾನೇ. ನಿಂತ ನೀರು ವೈರಿಂಗಿನ ಗುಂಟ ಒಳಗಿಳಿದು ಬಿಸಿಎಂ ಮೇಲೆ ತೊಟ್ಟಿಕ್ಕಿದೆ. ಇದನ್ನು ನೋಡದೆ ಪೆಟ್ಟಿಗೆ ಬದಲಿಸಿದ್ದರೆ ಮುಂದಿನ ಮಳೆಗಾಲಕ್ಕೆ ಅದೂ ಹೋಗುತ್ತಿತ್ತು.

ಹಣ ಉಳಿಸಲು ನಾನು ಗುಜರಿಯಿಂದ ಅದೇ ಮಾದರಿಯ ಹಳೆಯ ಬಿಸಿಎಂ ತಂದೆ. ದೀಪ ಉರಿಯಿತು, ಇಂಜಿನ್ ಏಳಲಿಲ್ಲ. ನಮ್ಮ ಕಾರಿನಲ್ಲಿ ಕೀಲಿಯ ಗುರುತು ಉಳಿಯುವುದೂ ಬಿಸಿಎಂ ಒಳಗೇ. ಆ ಪೆಟ್ಟಿಗೆಗೆ ಬೇರೆ ಯಾವುದೋ ಕಾರಿನ ಕೀಲಿ ಗೊತ್ತಿತ್ತು, ನಮ್ಮದು ಅದರ ಪಾಲಿಗೆ ಕಳ್ಳನ ಕೀಲಿ. ಕೊನೆಗೆ ಹೊಸದೇ ತರಿಸಬೇಕಾಯಿತು. ಲ್ಯಾಪ್‌ಟಾಪ್ ಹಿಡಿದು ಮೈಸೂರಿನಿಂದ ಬಂದವರು ಅದರೊಳಗೆ ನಮ್ಮ ಕಾರಿನ ಚಾಸಿ ನಂಬರ್ ಬರೆದು, ಎರಡೂ ಕೀಲಿಗಳ ಪರಿಚಯ ಮಾಡಿಸಿದರು. ಬಳಿಕ ನಮ್ಮ ಎಲೆಕ್ಟ್ರಿಷಿಯನ್ ಗಾಜಿನ ಮೇಲೆ ಎರಡು ಬಿಂದಿಗೆ ನೀರು ಸುರಿಸಿ, ಒಳಗಿನ ಕಾರ್ಪೆಟ್ ಮುಟ್ಟಿ ನೋಡಿದ ಮೇಲೆಯೇ ದುಡ್ಡು ತೆಗೆದುಕೊಂಡ.

ಅಂದು ನಾವು ನಾಗಮಂಗಲದ ಕಡೆ ಹೋಗಿದ್ದು ಒಂದು ವೀರಗಲ್ಲಿಗಾಗಿ. ಅದರ ಬರಹದಲ್ಲಿ ಮೂರು ಅಕ್ಷರ ಅಳಿಸಿಹೋಗಿವೆ. ಅಚ್ಚಾದ ಪಾಠದಲ್ಲಿ ಆ ಜಾಗಕ್ಕೆ ಚುಕ್ಕಿಗಳಿವೆ. ನನ್ನ ಅಧ್ಯಾಯದಲ್ಲಿ ನಾನು ಅಲ್ಲೊಂದು ಊರ ಹೆಸರು ತುಂಬಿಸಿ, ಅದರ ಮೇಲೆ ಎರಡು ಪುಟ ವಾದ ಕಟ್ಟಿದ್ದೆ. “ಕಲ್ಲು ನೋಡಿದಿರಾ?” ಎಂದು ಮಾರ್ಗದರ್ಶಕರು ಅಂಚಿನಲ್ಲಿ ಬರೆದು ಕಳಿಸಿದ್ದರು. ನೋಡಿರಲಿಲ್ಲ. ಅಕ್ಷರ ಇಲ್ಲ ಎಂದು ಚುಕ್ಕಿ ಹೇಳುತ್ತದೆ, ಯಾಕಿಲ್ಲ ಎಂದು ಹೇಳುವುದಿಲ್ಲ. ಅದಕ್ಕೆಂದು ಹೋದ ದಿನವೇ ಮಳೆ ಬಂದು ಏನೂ ಕಾಣದೆ ಮರಳಿದ್ದೆವು.

ಕಾರು ರಿಪೇರಿಯಾದ ವಾರ ಮತ್ತೆ ಹೋದೆವು. ಕತ್ತಲಾದ ಮೇಲೆ ಅಪ್ಪ ಅದೇ ಟಾರ್ಚನ್ನು ಕಲ್ಲಿನ ಮಗ್ಗುಲಿಗೆ ಹಿಡಿದರು. ಓರೆ ಬೆಳಕಿನಲ್ಲಿ ಉಳಿದ ಅಕ್ಷರಗಳೆಲ್ಲ ಎದ್ದು ಕಂಡವು. ಆ ಮೂರರ ಜಾಗದಲ್ಲಿ ಕಲ್ಲಿನ ಚಕ್ಕೆಯೇ ಎದ್ದುಹೋಗಿತ್ತು. ಎಷ್ಟು ಓರೆ ಮಾಡಿ ಹಿಡಿದರೂ ಅಲ್ಲಿ ಏನೂ ಇರಲಿಲ್ಲ.

ಮನೆಗೆ ಬಂದು ಆ ಎರಡು ಪುಟ ಅಳಿಸಿದೆ, ಚುಕ್ಕಿಗಳನ್ನು ಮರಳಿ ಹಾಕಿದೆ. ಅಧ್ಯಾಯ ಸಣ್ಣದಾಯಿತು. ಕಾರು ಈಗ ಬಿಸಿಲಲ್ಲೇ ನಿಲ್ಲುತ್ತದೆ. ಮಳೆ ಬಂದ ಮರುದಿನ ಬೆಳಿಗ್ಗೆ ಅಪ್ಪ ಕಾಫಿಗೆ ಮೊದಲು ಹೋಗಿ ಬಾಗಿಲು ತೆಗೆದು ಕಾರ್ಪೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿ ಬರುತ್ತಾರೆ.